ಒಲಿಂಡೋ ಮಹಾಶಯನ ಔಷಧ ವ್ಯಾಸಂಗ

ಜೀವಮಾನವೆಲ್ಲ ಫೆರಾರಾ ನಗರದ ಬಸ್ಸು ಓಡಿಸಿ ನಿವೃತ್ತನಾದ ಒಲಿಂಡೋ, ಉಳಿದ ಆಯುಷ್ಯವನ್ನು ಬೊಚ್ಚೆ ಅಂಗಳದಲ್ಲಿ ಚೆಂಡು ಉರುಳಿಸುತ್ತ ಕಳೆಯುವುದೆಂದು ತೀರ್ಮಾನಿಸಿದ್ದ. ಈ ತೀರ್ಮಾನವನ್ನು ಹೆಂಡತಿ ಒರ್ನೆಲಾಗೆ ತಿಳಿಸಲು ಮರೆತದ್ದೇ ತಪ್ಪಾಯಿತು. (ತಿಳಿಸಿದ್ದರೂ ಆಗುವುದೇ ಆಗುತ್ತಿತ್ತು, ಸ್ವಲ್ಪ ಬೇಗ ಆಗುತ್ತಿತ್ತು ಅಷ್ಟೆ.)

ಮಗಳು ಲವೀನಿಯಾ ಔಷಧಶಾಸ್ತ್ರದ ಪದವಿಗೆ ಓದುತ್ತಿದ್ದಳು. ಅಲ್ಲಿ ಪರೀಕ್ಷೆಯೆಂದರೆ ಬರೆಯುವುದಲ್ಲ, ಪ್ರೊಫೆಸರರ ಎದುರು ಕೂತು ಬಾಯಲ್ಲಿ ಒಪ್ಪಿಸುವುದು. ಒಪ್ಪಿಸಲು ಅಭ್ಯಾಸ ಬೇಕು, ಅಭ್ಯಾಸಕ್ಕೆ ಎದುರಿಗೊಬ್ಬ ಮನುಷ್ಯ ಬೇಕು. ಮಗಳು ಒಂದೇ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ ಒರ್ನೆಲಾ ಆ ಮನುಷ್ಯನ ನೇಮಕಾತಿಯನ್ನು ಘೋಷಿಸಿದಳು.

“ರೀ, ಇವತ್ತಿಂದ ಅವಳು ಹೇಳ್ತಾಳೆ. ನೀವು ಪುಸ್ತಕ ಹಿಡ್ಕೊಂಡು ಸರಿಯಾಗಿ ಹೇಳಿದ್ಲಾ ನೋಡ್ಬೇಕು.”

“ಅದ್ರಲ್ಲಿ ನಂಗೇನು ಅರ್ಥ ಆಗುತ್ತೆ?”

“ಓದೋಕೆ ಬರುತ್ತಲ್ಲ, ಸಾಕು.”

“ಮತ್ತೆ ನನ್ನ ಬೊಚ್ಚೆ?”

“ಅವಳು ಪಾಸಾದ ದಿನ ಹೋಗಿ. ಬೇಕಾದ್ರೆ ಅಲ್ಲೇ ಹಾಸಿಗೆ ಹಾಸ್ಕೊಳ್ಳಿ.”

ಜುಲೈಯಲ್ಲಿ ಪಂದ್ಯಾವಳಿ. ತಂಡದ ನಾಯಕ ಗ್ವೆರಿನೋ ಇವನಿಗೊಂದು ಜಾಗ ಕಾದಿರಿಸಿದ್ದ. ಹೀಗಾಗಿ ಮಗಳ ಭವಿಷ್ಯಕ್ಕಿಂತ ಹೆಚ್ಚಾಗಿ (ಇದು ಒರ್ನೆಲಾಗೆ ತಿಳಿಯಬಾರದು) ಬೊಚ್ಚೆಯ ಭವಿಷ್ಯಕ್ಕಾಗಿ ಒಲಿಂಡೋ ಅಡುಗೆಮನೆಯ ಕುರ್ಚಿಯಲ್ಲಿ ಪ್ರತಿಷ್ಠಾಪಿತನಾದ.

ಅಲ್ಲಿಂದ ಅವನ ತಲೆ ಕಲಸಿದ ಹಿಟ್ಟಾಯಿತು. ಒಂದಿಷ್ಟು ಔಷಧಿಗಳು ‘ಲೋಲ್’ ಎಂದು ಮುಗಿಯುತ್ತಿದ್ದವು, ಇನ್ನೊಂದಿಷ್ಟು ‘ಪ್ರಿಲ್’ ಎಂದು. ಯಾರು ಯಾರ ಮನೆತನವೆಂದು ನೆನಪಿಡುವಷ್ಟರಲ್ಲಿ ಒಲೆಯ ಮೇಲಿನ ಸಾಸ್ ತಳ ಹಿಡಿಯುತ್ತಿತ್ತು, ಬೈಗುಳ ಇವನಿಗೇ ಬೀಳುತ್ತಿತ್ತು. ಮಗಳು “ಅಡ್ಡಪರಿಣಾಮಗಳು: ಬಾಯಿ ಒಣಗುವುದು” ಎಂದರೆ ಇವನು ನೀರಿಗೆ ಏಳುತ್ತಿದ್ದ. “ತಲೆಸುತ್ತು” ಎಂದರೆ ಮೇಜು ಹಿಡಿದುಕೊಳ್ಳುತ್ತಿದ್ದ. ಒಂದು ಗುಳಿಗೆಯನ್ನೂ ನುಂಗದೆ ಇಡೀ ಔಷಧಶಾಸ್ತ್ರದ ಅಡ್ಡಪರಿಣಾಮಗಳನ್ನು ಅನುಭವಿಸಿದ ಭಾಗ್ಯಶಾಲಿ ಅವನು.

ಅವನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ‘ತಡೆಗಾರ ಔಷಧಿ’.

“ನೋಡಪ್ಪಾ,” ಎಂದಳು ಲವೀನಿಯಾ, “ಜೀವಕೋಶದ ಮೇಲೆ ಗ್ರಾಹಿ ಅಂತ ಒಂದು ಜಾಗ ಇರುತ್ತೆ. ತಡೆಗಾರ ಅಲ್ಲಿ ಬಂದು ಕೂರುತ್ತೆ. ಏನೂ ಕೆಲಸ ಮಾಡಲ್ಲ. ಕೆಲಸ ಮಾಡೋರಿಗೂ ಜಾಗ ಬಿಡಲ್ಲ.”

“ಕೆಲಸಾನೇ ಮಾಡದ್ದನ್ನ ಡಾಕ್ಟ್ರು ಯಾಕೆ ಬರ್ಕೊಡ್ತಾರೆ?”

“ಮಾಡದೇ ಇರೋದೇ ಅದರ ಕೆಲಸ.”

ಒಲಿಂಡೋ ಇದನ್ನು ಹಾಸಿಗೆಯಲ್ಲೂ ಯೋಚಿಸಿದ, ಸ್ನಾನದಲ್ಲೂ ಯೋಚಿಸಿದ. ಭಾನುವಾರ ಊಟಕ್ಕೆ ಬಾಮೈದ ದೀನೋ ಬಂದ. ಬಂದವನೇ ಟೀವಿ ಎದುರಿನ ಒಳ್ಳೆಯ ಕುರ್ಚಿಯಲ್ಲಿ ಕೂತ, ಫುಟ್‌ಬಾಲ್ ಶುರುವಾದೊಡನೆ ಗೊರಕೆ ಹೊಡೆದ. ತಾನೂ ನೋಡಲಿಲ್ಲ, ಒಲಿಂಡೋಗೂ ಜಾಗ ಬಿಡಲಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದ ಒಲಿಂಡೋಗೆ ಅಲ್ಲೇ ಜ್ಞಾನೋದಯವಾಯಿತು.

ಪರೀಕ್ಷೆಯ ದಿನ ಬಂತು. ‘ಒಳ್ಳೆಯದಾಗಲಿ’ ಎಂದರೆ ಕೆಟ್ಟದ್ದೇ ಆಗುವುದರಿಂದ ಒರ್ನೆಲಾ ರೂಢಿಯಂತೆ “ತೋಳದ ಬಾಯಿಗೆ ಬೀಳು ಮಗಳೇ” ಎಂದು ಹರಸಿದಳು. ಗಂಡನಿಗೆ “ನೀವು ಹೋಗಿ ಹಿಂದೆ ಕೂತ್ಕೊಳ್ಳಿ, ಬಾಯಿ ಮುಚ್ಕೊಂಡು” ಎಂದಳು. ಅಲ್ಲಿ ಮೌಖಿಕ ಪರೀಕ್ಷೆ ನೋಡಲು ಯಾರು ಬೇಕಾದರೂ ಕೂರಬಹುದು.

ಮೊದಮೊದಲು ಲವೀನಿಯಾ ಚೆನ್ನಾಗಿಯೇ ಹೇಳಿದಳು. ಆಮೇಲೆ ಪ್ರೊಫೆಸರ್ ತೊಸಾಟಿ ಮೇಡಂ ತಡೆಗಾರ ಎಂದರೇನು ಎಂದು ಕೇಳಿದರು. ಹುಡುಗಿಯ ಬಾಯಿ ಕಟ್ಟಿತು. ಪಂದ್ಯಾವಳಿ ಕಣ್ಣೆದುರೇ ಜಾರಿಹೋಗುತ್ತಿರುವುದನ್ನು ಒಲಿಂಡೋಗೆ ನೋಡಲಾಗಲಿಲ್ಲ.

“ನಮ್ಮ ದೀನೋ ಕಣೇ,” ಎಂದುಬಿಟ್ಟ.

ಇಡೀ ಕೊಠಡಿ ಹಿಂದಿರುಗಿ ನೋಡಿತು. ತೊಸಾಟಿ ಕನ್ನಡಕ ತೆಗೆದರು. “ದೀನೋ ಅಂದ್ರೆ ಯಾರು?”

“ನನ್ನ ಬಾಮೈದ, ಮೇಡಂ. ಕುರ್ಚೀಲಿ ಕೂರ್ತಾನೆ. ಟೀವಿ ನೋಡಲ್ಲ, ನೋಡೋರಿಗೂ ಬಿಡಲ್ಲ.”

“ಅವರನ್ನ ಎಬ್ಬಿಸೋದು ಹೇಗೆ?”

“ಒಬ್ಬಿಬ್ರಿಂದ ಆಗಲ್ಲ. ಈಸ್ಟರಿಗೆ ನಮ್ಮ ಕಡೆಯೋರೆಲ್ಲ ಬಂದು ಮುತ್ಕೊಂಡ್ರು, ಆಗ ಎದ್ದ.”

“ಸರಿ. ಎಷ್ಟು ಜನ ಬಂದ್ರೂ ಏಳದೇ ಇದ್ರೆ?”

“ಅದು ನಮ್ಮತ್ತೆ. ಹೊಸ ಕುರ್ಚೀನೇ ತರಬೇಕು.”

ತಡೆಗಾರ ಔಷಧಿಗಳಲ್ಲಿ ಇರುವುದೂ ಇವೇ ಎರಡು ಬಗೆ. ತೊಸಾಟಿ ಮೇಜು ತಟ್ಟಿ ನಕ್ಕರು. ಇಷ್ಟು ಕೇಳಿದ್ದೇ ತಡ, ಲವೀನಿಯಾಗೆ ಎಲ್ಲ ನೆನಪಾಗಿ ಉಳಿದದ್ದನ್ನು ಪಟಪಟನೆ ಒಪ್ಪಿಸಿದಳು.

“ಮೂವತ್ತಕ್ಕೆ ಇಪ್ಪತ್ತೊಂದು. ಪಾಸು,” ಎಂದರು ತೊಸಾಟಿ. “ಆದ್ರೆ ಮನೇಲೇ ಇಂಥ ಗುರುಗಳನ್ನ ಇಟ್ಕೊಂಡು ಬರೀ ಇಪ್ಪತ್ತೊಂದಾ? ಒಪ್ಕೋತೀಯಾ?”

ಒಲಿಂಡೋ ಅಂಗಿಯ ಕಾಲರ್ ಸರಿಮಾಡಿಕೊಂಡ. ಬಸ್ಸು ಓಡಿಸಿದಷ್ಟು ಕಾಲವೂ ಅವನನ್ನು ಹೊಗಳಿದವರಿಲ್ಲ. ಇಲ್ಲಿ ಪ್ರೊಫೆಸರೇ ಗುರು ಎಂದುಬಿಟ್ಟಿದ್ದರು. ಲವೀನಿಯಾ ಹಿಂದಿರುಗಿ ಅಪ್ಪನನ್ನು ನೋಡಿದಳು. ಅವಳ ಕಣ್ಣಲ್ಲಿ ಅಷ್ಟೊಂದು ಗೌರವವನ್ನು ಅವನು ಕಂಡೇ ಇರಲಿಲ್ಲ.

“ಬೇಡ ಮೇಡಂ,” ಎಂದಳು. “ಈ ಅಂಕ ಬಿಟ್ಟುಬಿಡ್ತೀನಿ. ಅಪ್ಪನ ಹತ್ರ ಇನ್ನೂ ಚೆನ್ನಾಗಿ ಓದಿ ಸೆಪ್ಟೆಂಬರಿಗೆ ಬರ್ತೀನಿ.”

ಅಂಕ ಕಡಿಮೆಯೆನಿಸಿದರೆ ನಿರಾಕರಿಸಿ ಮತ್ತೆ ಕೂರುವ ಹಕ್ಕು ಅಲ್ಲಿ ವಿದ್ಯಾರ್ಥಿಗಳಿಗುಂಟು. ತಂದೆಯರಿಗೆ ಯಾವ ಹಕ್ಕೂ ಇಲ್ಲ. ಪಾಸಾದ ಮಗಳು ಪಾಸಾಗದೆ ಹೇಗೆ ಉಳಿದಳೆಂದು ಒಲಿಂಡೋ ದಾರಿಯುದ್ದಕ್ಕೂ ಲೆಕ್ಕ ಹಾಕಿದ, ಹೊಂದಲಿಲ್ಲ.

ಮನೆಯಲ್ಲಿ ಒರ್ನೆಲಾ ಎಲ್ಲವನ್ನೂ ಕೇಳಿದಳು. “ಅಂತೂ ನಿಮ್ಮಿಂದ ಒಂದು ಉಪಯೋಗ ಆಯ್ತು. ಸೆಪ್ಟೆಂಬರ್ ತನಕ ಹೀಗೇ ನಡೀಲಿ. ಅದ್ಸರಿ, ಅಲ್ಲಿ ನಮ್ಮಮ್ಮನ್ನ ಏನಂದ್ರಿ?”

ಪುಣ್ಯಕ್ಕೆ ಫೋನು ಬಡಿದುಕೊಂಡಿತು. ಗ್ವೆರಿನೋ.

“ನೀನು ಬರೋದು ಡೌಟು ಅಂತ ನಿನ್ನ ಜಾಗಕ್ಕೆ ನಿನ್ನ ಬಾಮೈದನ್ನ ಹಾಕ್ಕೊಂಡೆ ಮಾರಾಯ. ಅಂಗಳದಲ್ಲೇ ಕೂತ್ಬಿಟ್ಟಿದ್ದಾನೆ, ತಾನೂ ಆಡಲ್ಲ, ಬೇರೆಯೋರಿಗೂ ಬಿಡಲ್ಲ. ಇವನನ್ನ ಎಬ್ಬಿಸೋದು ಹೇಗೆ?”

ಉತ್ತರ ಒಲಿಂಡೋಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅಷ್ಟರಲ್ಲಿ ಒರ್ನೆಲಾ ಪುಸ್ತಕವನ್ನು ಮೊದಲನೇ ಪುಟಕ್ಕೆ ತೆರೆದು ಅವನ ತೊಡೆಯ ಮೇಲಿಟ್ಟಿದ್ದಳು. ಅವನು ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದ, ಇನ್ನು ಎಷ್ಟು ಜನ ಬಂದರೂ ಅಲ್ಲಿಂದ ಅವನನ್ನು ಎಬ್ಬಿಸುವ ಹಾಗಿರಲಿಲ್ಲ.