ಹಿಂದಿನ ಸೀಟಿನ ಉಸಿರು

"ಶುಕ್ರವಾರದೊಳಗೆ ಈ ಕಾರನ್ನ ಗೋರಿಯಷ್ಟು ಮೌನ ಮಾಡಿ ಕೊಡ್ತೀನಿ" ಎಂದು ಅವಳು ಸಭೆಯಲ್ಲಿ ಎದ್ದು ನಿಂತು ಹೇಳಿಬಿಟ್ಟಳು. ಹೇಳುವಾಗ ಮೇಜನ್ನು ಒಂದು ಸಲ ಕುಟ್ಟಿದಳು ಕೂಡ. ಹೆರಿಗೆ ರಜೆ ಮುಗಿಸಿ ಬಂದು ಎರಡು ತಿಂಗಳೂ ಆಗಿರಲಿಲ್ಲ. ಮಗು ಹೆತ್ತವಳ ಕಿವಿ ಮೊದಲಿನಷ್ಟೇ ಚುರುಕಾಗಿದೆಯೇ ಎಂದು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ ನಿಜ. ಆದರೆ ಎದುರಿಗಿದ್ದ ಒಂಬತ್ತು ಮುಖಗಳ ಮೇಲೂ ಅದೇ ಪ್ರಶ್ನೆ ಅಚ್ಚಾಗಿತ್ತು. ಕೇಳದ ಪ್ರಶ್ನೆಗೂ ಉತ್ತರ ಕೊಡದೆ ಬಿಡುವ ಜಾಯಮಾನ ಅವಳದಲ್ಲ.

ದೊಡ್ಡವರು, ಅಂದರೆ ಕಾರ್ಖಾನೆಯ ಮುಖ್ಯಸ್ಥರು, ಕನ್ನಡಕ ಒರೆಸುತ್ತ ಮೆತ್ತಗೆ ಹೇಳಿದರು: "ಆಗ್ಲಮ್ಮ. ಆಗದಿದ್ರೂ ಯೋಚನೆ ಬೇಡ. ಹಾರ್ನ್ ವಿಭಾಗದಲ್ಲಿ ಒಂದು ಜಾಗ ಖಾಲಿ ಇದೆ."

ಇಡೀ ಕಾರ್ಖಾನೆ 'ನಿಶ್ಶಬ್ದಮ್ಮ' ಎಂದು ಕರೆಯುವ ಹೆಣ್ಣುಮಗಳನ್ನು ಹಾರ್ನ್ ವಿಭಾಗಕ್ಕೆ ಹಾಕುವುದೆಂದರೆ ಮೀನನ್ನು ಕರೆದು ಮರ ಕಾಯಲು ಕೂರಿಸಿದಂತೆ. ವೈದ್ಯರ ಕೊಳವೆಯನ್ನು ಕಿವಿಗೆ ಸಿಕ್ಕಿಸಿಕೊಂಡು, ಕಾರಿನೊಳಗೆ ಎಲ್ಲೆಲ್ಲಿ ಯಾವ ಸದ್ದು ಅವಿತಿದೆಯೆಂದು ಹುಡುಕಿ ಕೊಲ್ಲುವುದು ಅವಳ ಕಸುಬು. ಬಾಗಿಲ ರಬ್ಬರಿನ ಕಿರಿಕಿರಿ, ಗಾಜಿನಂಚಿನ ಸಿಳ್ಳೆ, ಚರ್ಮಕ್ಕೆ ಚರ್ಮ ಉಜ್ಜುವ ಪಿಸುಮಾತು, ಯಾವುದೂ ಅವಳ ಕೈಯಿಂದ ಜೀವಂತ ಪಾರಾಗಿರಲಿಲ್ಲ.

ಕಾರಾದರೂ ಎಂಥದ್ದು! ಏಳು ವರ್ಷ ಬಸಿರಲ್ಲಿದ್ದ ಕಾರು. ಮೊದಲು ಜೇಡಿಮಣ್ಣಿನಲ್ಲಿ ಆಕಾರ ತಿದ್ದಿದರು, ಆಮೇಲೆ ಹಿಮದಲ್ಲಿ ಓಡಿಸಿದರು, ಮರಳಲ್ಲಿ ಹೂತು ತೆಗೆದರು. ಉದ್ದನೆಯ ಮೂತಿ, ಹನ್ನೆರಡು ಸಿಲಿಂಡರ್, ನಾಲ್ಕೇ ಸೀಟು, ಎರಡು ಪದರದ ಗಾಜು. ಒಂದೇ ಬೀಸಿಗೆ ಸಾವಿರ ಕಿಲೋಮೀಟರ್ ಓಡಿಸಿ ಇಳಿದವರು ಸೊಂಟ ಹಿಡಿದುಕೊಳ್ಳದೆ ನೆಟ್ಟಗೆ ಊಟಕ್ಕೆ ನಡೆದುಹೋಗಬೇಕು; ದೂರಪ್ರಯಾಣದ ಐಷಾರಾಮಿ ಕಾರಿಗೆ ಇದೇ ಮೊದಲ ನಿಯಮ, ಇದೇ ಕೊನೆಯದೂ.

ಅವಳ ಪಾಲಿನ ಪವಾಡ ಛಾವಣಿಯಲ್ಲಿತ್ತು. ಅಲ್ಲಿ ಆರು ಮೈಕುಗಳು ಒಳಗಿನ ಸದ್ದನ್ನೆಲ್ಲ ಕೇಳಿಸಿಕೊಳ್ಳುತ್ತವೆ. ಸ್ಪೀಕರುಗಳು ಆ ಸದ್ದಿಗೆ ಸರಿಯಾಗಿ ಎದುರು ಸದ್ದು ಬಿಟ್ಟು ಎರಡನ್ನೂ ಒಟ್ಟಿಗೆ ಮುಗಿಸುತ್ತವೆ. ಯಾವುದನ್ನು ಕೊಲ್ಲಬೇಕು, ಯಾವುದನ್ನು ಉಳಿಸಿ ದೊಡ್ಡದು ಮಾಡಬೇಕು ಎಂದು ಕಾರಿಗೆ ಕಲಿಸಲು ಸ್ಟಿಯರಿಂಗಿನಲ್ಲಿ ಎರಡು ಗುಂಡಿ: 'ಬೇಡ' ಮತ್ತು 'ಬೇಕು'. ಟೈರಿನ ಗುರುಗುರು ಬೇಡ. ಆಂಬುಲೆನ್ಸಿನ ಕೂಗು ಬೇಕು. ಗಂಡಂದಿರ ಮಾತಿನ ತೀರ್ಮಾನ ಆಯಾ ಮನೆಯವರಿಗೆ ಬಿಟ್ಟದ್ದು. ಕಾರು ನಿಜವಾದ ಸಂಸಾರ ನೋಡಿ ಕಲಿಯಲಿ ಎಂದು ಕಾರ್ಖಾನೆಯವರು ಅದನ್ನು ಎರಡು ವಾರ ಒಬ್ಬ ಎಂಜಿನಿಯರ್ ಮನೆಗೆ ಕಳಿಸುವ ಪದ್ಧತಿ. ಈ ಸಲ ಅದು ಅವಳ ಮನೆಗೇ ಬಂದು, ಹದಿನಾಲ್ಕು ದಿನ ಸಂಸಾರ ಮಾಡಿ, ಸೋಮವಾರ ವಾಪಸಾಗಿತ್ತು.

ಮಂಗಳವಾರ ಬೆಳಿಗ್ಗೆ ಡ್ರೈವರಣ್ಣ ಕಾರನ್ನು ಪರೀಕ್ಷಾ ರಸ್ತೆಗೆ ಒಯ್ದವನು ಹತ್ತೇ ನಿಮಿಷಕ್ಕೆ ತಂದು ನಿಲ್ಲಿಸಿದ. ಮೂವತ್ತು ವರ್ಷ ಕಾರುಗಳನ್ನು ಗೋಡೆಯ ಹತ್ತಿರದವರೆಗೂ ಓಡಿಸಿ ನಗುತ್ತ ಇಳಿದ ಮನುಷ್ಯ. ಆದರೆ ಇವತ್ತು ಕೀಲಿಯನ್ನು ಎರಡು ಬೆರಳಲ್ಲಿ ಸತ್ತ ಹಲ್ಲಿಯಂತೆ ಹಿಡಿದುಕೊಂಡಿದ್ದ.

"ಅಮ್ಮಾ, ಹಿಂದಿನ ಸೀಟಲ್ಲಿ ಯಾರೋ ಉಸಿರಾಡ್ತಾರೆ."

"ಎಸಿ ಇರಬೇಕು ಅಣ್ಣ."

"ಎಸಿ ಆಫ್ ಮಾಡ್ದೆ. ಹೆದರಿಕೆಗೆ ನಾನು ಉಸಿರು ಬಿಗಿ ಹಿಡ್ದೆ ನೋಡಿ, ಅದೂ ಹಿಡ್ಕೊಂತು. ಕಾಯ್ತಾ ಇತ್ತು ನಂಗೆ."

ಅವಳು ನಕ್ಕಳು. ಕಾರನ್ನು ನಿಶ್ಶಬ್ದ ಕೋಣೆಗೆ ತಳ್ಳಿಸಿದಳು. ನಾಲ್ಕು ಗೋಡೆಗೂ ಸ್ಪಂಜಿನ ಹಲ್ಲುಗಳಿರುವ, ಬಾಗಿಲು ಹಾಕಿದರೆ ನಮ್ಮ ರಕ್ತ ಓಡುವುದೂ ನಮಗೆ ಕೇಳಿಸುವ ಕೋಣೆ ಅದು. ಒಬ್ಬಳೇ ಒಳಗೆ ಕೂತಳು. ಸ್ವಿಚ್ ಒತ್ತಿದಳು. ಕಿವಿಯ ಹಿಂದೆ, ಸರಿಯಾಗಿ ಒಂದು ಮೊಳ ದೂರದಲ್ಲಿ, ಯಾರೋ ನಿಧಾನವಾಗಿ ಉಸಿರು ಎಳೆದುಕೊಂಡರು. ಬಿಟ್ಟರು.

ಥಟ್ಟನೆ ತಿರುಗಿದಳು. ಖಾಲಿ ಸೀಟು. ಹೊಲಿಗೆ ಹೊಲಿಗೆಯೂ ತೆಪ್ಪಗೆ ಕೂತಿತ್ತು. ಎದೆ ಜೋರಾಗಿ ಬಡಿಯತೊಡಗಿತು. ಹಿಂದಿನ ಉಸಿರೂ ಜೋರಾಯಿತು. ಅವಳಿಗಿಂತ ಅದಕ್ಕೇ ಹೆಚ್ಚು ಗಾಬರಿಯಾದಂತಿತ್ತು.

ಬುಧವಾರ ಬೇಟೆ ಶುರುವಾಯಿತು. ಸೀಟು ಬಿಚ್ಚಿಸಿದಳು, ನೆಲದ ಹಾಸು ಕೀಳಿಸಿದಳು, ಡಿಕ್ಕಿಯೊಳಗೆ ತಾನೇ ಮುದುರಿ ಮಲಗಿ ಕಿವಿಯಿಟ್ಟಳು. ಕೊಳವೆಯಲ್ಲಿ ಏನೂ ಇಲ್ಲ. ಚರ್ಮ ಹೊಲಿಯುವ ಮೇಸ್ತ್ರಿ ಬಂದು ಹಿಂದಿನ ಸೀಟನ್ನು ಅಂಗೈಯಲ್ಲಿ ಸವರಿ ನೋಡಿ, ಇಲ್ಲೊಂದು ಗುಳಿ ಬಿದ್ದಿದೆ, ಯಾರೋ ಕೂತಿದ್ದಾರೆ, ಆದರೆ ತೀರಾ ಚಿಕ್ಕವರು ಎಂದ. ಮೂಸಿ ನೋಡಿ, ಹಾಲಿನ ವಾಸನೆ ಎಂದೂ ಸೇರಿಸಿದ. ಡ್ರೈವರಣ್ಣ ಅವತ್ತಿನಿಂದ ಕಾರು ನಿಂತಿದ್ದ ಸಾಲಿನ ದೀಪಗಳನ್ನು ಆರಿಸಲು ಬಿಡಲಿಲ್ಲ. ಅವಳೂ ಮೂಸಿ ನೋಡಿದಳು. ಅವಳಿಗೆ ಯಾವ ವಾಸನೆಯೂ ಬರಲಿಲ್ಲ. ಎಂಟು ತಿಂಗಳಿಂದ ಅವಳ ಸೀರೆ, ಬ್ಯಾಗು, ತಲೆದಿಂಬು ಎಲ್ಲದರಲ್ಲೂ ಇದ್ದದ್ದು ಅದೇ ವಾಸನೆ.

ಮನೆಯಲ್ಲಿ ಗಂಡನಿಗೆ ಹೇಳಿದಳು. ಲೆಕ್ಕದ ಮೇಷ್ಟ್ರು ಅವನು, ದೆವ್ವಕ್ಕೂ ಸೂತ್ರ ಕೇಳುವವನು. ಮಗುವಿನ ಕಾಲುಚೀಲದ ಜೋಡಿ ಹುಡುಕುತ್ತಲೇ, ಅದು ಉಸಿರಾಡೋದು ಕಾರಲ್ಲಿ ಯಾರಾದರೂ ಇದ್ದಾಗ ಮಾತ್ರವೋ, ಇಲ್ಲದಾಗಲೂನೋ ಎಂದು ಕೇಳಿದ. ಇಲ್ಲದಾಗ ಕೇಳುವವರು ಯಾರು, ತಲೆ ತಿನ್ನಬೇಡಿ ಎಂದು ಅವಳು ರೇಗಿ ಎದ್ದುಹೋದಳು. ಉತ್ತರ ಕೈಗೆ ಬಂದು ಕಾಲುಚೀಲದ ಜೊತೆಗೆ ಕಳೆದುಹೋಯಿತು.

ಶುಕ್ರವಾರ ದೊಡ್ಡವರು ತಾವೇ ಚಾಲಕನ ಸೀಟಿನಲ್ಲಿ ಕೂತರು. ಪಕ್ಕದಲ್ಲಿ ಇವಳು, ತೊಡೆಯ ಮೇಲೆ ಪರೀಕ್ಷಾ ಪುಸ್ತಕ. ಕಾರು ನೀರಿನ ಮೇಲೆ ಎಣ್ಣೆ ಜಾರಿದಂತೆ ಹೊರಟಿತು. ಟೈರಿಲ್ಲ, ಗಾಳಿಯಿಲ್ಲ, ಹನ್ನೆರಡು ಸಿಲಿಂಡರೂ ಎಲ್ಲೋ ಬೇರೆ ಲೋಕದಲ್ಲಿ. ಉದ್ದನೆಯ ಸುರಂಗದೊಳಗೆ ನುಗ್ಗಿದ ಮೇಲೆ ಶುರುವಾಯಿತು.

ದೊಡ್ಡವರು ಕನ್ನಡಿ ನೋಡಿದರು. ಮತ್ತೆ ನೋಡಿದರು.

"ಹಿಂದೆ ಯಾರಿದ್ದಾರೆ?"

"ಯಾರೂ ಇಲ್ಲ ಸಾರ್."

ಸ್ವಲ್ಪ ದೂರ ಹೋದ ಮೇಲೆ ಅವರು ದನಿ ತಗ್ಗಿಸಿ ಹೇಳಿದರು: "ಒಬ್ಬರಲ್ಲಮ್ಮ. ಇಬ್ಬರಿದ್ದಾರೆ."

ಅವಳು ಕಿವಿಗೊಟ್ಟಳು. ನಿಜ, ಎರಡು ಉಸಿರು. ಒಂದು ಹಗುರ, ಅವಸರದ್ದು. ಇನ್ನೊಂದು ಭಾರ, ಅದರ ಕೊನೆಗೊಂದು ಸಣ್ಣ ಸಿಳ್ಳೆ. ಆ ಸಿಳ್ಳೆಯನ್ನು ಅವಳು ಬಲ್ಲಳು. ಆರು ವರ್ಷದಿಂದ ಪ್ರತಿ ಸಭೆಯಲ್ಲೂ ದೊಡ್ಡವರ ಎಡ ಮೂಗಿನ ಹೊಳ್ಳೆಯಿಂದ ಕೇಳಿದ್ದು ಅದನ್ನೇ.

"ಸಾರ್, ಒಂದು ಕ್ಷಣ ಉಸಿರು ಹಿಡೀರಿ."

"ಆಗಲೇ ಹಿಡಿದಿದ್ದೀನಿ" ಎಂದರು ಅವರು, ಹಲ್ಲುಗಳ ಸಂದಿಯಿಂದ.

ಸಿಳ್ಳೆ ನಿಂತಿತ್ತು. ಸುರಂಗದ ಆ ತುದಿಯ ಬೆಳಕಿಗೆ ಬರುವಷ್ಟರಲ್ಲಿ ಅವಳಿಗೆ ಎಲ್ಲವೂ ಹೊಳೆದುಹೋಗಿತ್ತು. ಕಾರನ್ನು ರಸ್ತೆಯಂಚಿಗೆ ನಿಲ್ಲಿಸಲು ಹೇಳಿ ಒಪ್ಪಿಕೊಂಡಳು. ಆ ಹದಿನಾಲ್ಕು ದಿನವೂ ಹಿಂದಿನ ಸೀಟಿನಲ್ಲಿ ಮಗು ಮಲಗಿರುತ್ತಿತ್ತು. ಕಾರು ಎಲ್ಲ ಸದ್ದನ್ನೂ ಕೊಲ್ಲುತ್ತ ಮಗುವಿನ ಉಸಿರನ್ನೂ ಕೊಂದುಬಿಡುತ್ತಿತ್ತು. ಆಗೆಲ್ಲ ಅವಳ ಹೆಬ್ಬೆರಳು ಅವಳನ್ನು ಕೇಳದೆಯೇ 'ಬೇಕು' ಗುಂಡಿಯನ್ನು ಒತ್ತುತ್ತಿತ್ತು. ಕಾರು ಜಾಣ ವಿದ್ಯಾರ್ಥಿ. ಈ ಲೋಕದಲ್ಲಿ ಉಳಿಸಿಕೊಳ್ಳಬೇಕಾದ ಸದ್ದು ಉಸಿರೊಂದೇ ಎಂದು ಕಲಿತು, ಒಳಗೆ ಯಾರು ಕೂತರೂ ಅವರ ಉಸಿರನ್ನೇ ಹೆಕ್ಕಿ, ದೊಡ್ಡದು ಮಾಡಿ, ಮಗು ಮಲಗುತ್ತಿದ್ದ ಜಾಗದಿಂದಲೇ ಕೇಳಿಸುತ್ತಿತ್ತು.

"ಎಷ್ಟು ಸಲ ಒತ್ತಿದ್ದೀಯ?"

ಕಾರಿನ ಪರದೆಯಲ್ಲಿ ಲೆಕ್ಕವಿತ್ತು. ಎರಡು ಸಾವಿರದ ಮುನ್ನೂರ ಹದಿನಾರು.

ದೊಡ್ಡವರು ಕನ್ನಡಕ ತೆಗೆದು ಒರೆಸತೊಡಗಿದರು. ಹಿಂದಿನ ಸೀಟಿನಲ್ಲಿ ಅವರ ಸಿಳ್ಳೆ ಮಾತ್ರ ಯೋಚನೆ ಮಾಡುತ್ತಿತ್ತು. ಕಡೆಗೆ, ಕಲಿಸಿದ್ದನ್ನೆಲ್ಲ ಅಳಿಸು, ಭಾನುವಾರ ಅದೇ ಮಗುವನ್ನು ಅದೇ ಸೀಟಿನಲ್ಲಿ ಮಲಗಿಸಿಕೊಂಡು ಇನ್ನೂರು ಕಿಲೋಮೀಟರ್ ಓಡಿಸು, ಪರೀಕ್ಷಾ ಪುಸ್ತಕದ ಕೊನೆಯ ಪುಟ ನೀನೇ ಬರೆದು ಸಹಿ ಹಾಕು, ಸುಳ್ಳು ಬರೆದರೆ ಹಾರ್ನ್ ವಿಭಾಗ ಎಂದರು.

ಅವಳು ಅಳಿಸಿದಳು. ಭಾನುವಾರ ಬೆಳಿಗ್ಗೆ ಮಗುವನ್ನು ಹಿಂದೆ ಮಲಗಿಸಿ, ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಾಗ ಕಾರು ನಿಜವಾಗಿಯೂ ಗೋರಿಯಾಗಿತ್ತು. ಆಡಿದ ಮಾತು ಉಳಿದಿತ್ತು. ಗೆದ್ದೆ ಅಂದುಕೊಂಡು ಐದು ಕಿಲೋಮೀಟರ್ ಹೋದಳು. ಆಮೇಲೆ ಆ ಮೌನ ಹಿಂದಿನಿಂದ ಮೆಲ್ಲಗೆ ಬಂದು ಅವಳ ಕತ್ತಿನ ಮೇಲೆ ತಣ್ಣನೆಯ ಕೈಯಿಟ್ಟಿತು. ಕನ್ನಡಿಯಲ್ಲಿ ಮಗು ಅಲುಗಾಡುತ್ತಿರಲಿಲ್ಲ. ಕಾರು ನಿಲ್ಲಿಸಿ, ಇಳಿದು, ಹಿಂದಿನ ಬಾಗಿಲು ತೆರೆದು, ಮೂಗಿನ ಹತ್ತಿರ ಬೆರಳು ಹಿಡಿದಳು. ಬೆಚ್ಚಗಿತ್ತು. ಇನ್ನೈದು ಕಿಲೋಮೀಟರಿಗೆ ಮತ್ತೆ ನಿಲ್ಲಿಸಿದಳು. ಒಂದೇ ಬೀಸಿಗೆ ಸಾವಿರ ಕಿಲೋಮೀಟರ್ ಓಡಲು ಹುಟ್ಟಿದ ಕಾರು, ಬಾಣಂತಿಯ ಕೈಗೆ ಸಿಕ್ಕಿ ಹಳ್ಳಿ ಬಸ್ಸಿನಂತೆ ಸಿಕ್ಕಸಿಕ್ಕಲ್ಲಿ ನಿಂತಿತು.

ಹನ್ನೊಂದನೆಯ ಸಲ ನಿಂತಾಗ, ಪಕ್ಕದಲ್ಲಿದ್ದ ಗಂಡ ಬೆಲ್ಟು ಬಿಚ್ಚಿ ಇಳಿದು ಹಿಂದಿನ ಸೀಟಿಗೆ ಹೋಗಿ ಕೂತ.

"ನೀನು ಮುಂದೆ ನೋಡ್ಕೊಂಡು ಓಡ್ಸು. ನಾನು ಹೇಳ್ತೀನಿ."

ಉಳಿದ ದಾರಿಯುದ್ದಕ್ಕೂ ಕಾರು ಎಲ್ಲೂ ನಿಲ್ಲಲಿಲ್ಲ, ಅದರ ಯಾವ ಸದ್ದೂ ಇರಲಿಲ್ಲ. ಸಂಜೆ ಅವಳು ಸುಳ್ಳು ಬರೆಯಲಿಲ್ಲ. ಸೋಮವಾರ ದೊಡ್ಡವರು ಕೊನೆಯ ಪುಟವನ್ನು ಎರಡು ಸಲ ಓದಿಕೊಂಡರು:

"ಪರೀಕ್ಷೆಯಲ್ಲಿ ಒಂದೇ ಒಂದು ಸದ್ದು ದಾಖಲಾಗಿದೆ. ಬಂದ ಜಾಗ: ಹಿಂದಿನ ಸೀಟು. ಬಂದದ್ದು: ಎರಡು ನಿಮಿಷಕ್ಕೊಮ್ಮೆ, ಒಟ್ಟು ಎಪ್ಪತ್ತೊಂದು ಸಲ. ಸದ್ದಿನ ವಿವರ: 'ಉಸಿರಾಡ್ತಿದ್ದಾಳೆ ಕಣೇ.' ಮೂಲ: ಗಂಡ. ದೋಷ ಇರುವುದು: ಚಾಲಕಿಯಲ್ಲಿ. ರಿಪೇರಿ: ಸದ್ಯಕ್ಕೆ ಆಗುವಂತೆ ಕಾಣುವುದಿಲ್ಲ."