ಮಾವ ಕಟ್ಟಿದ ಗೋಡೆ

ದಿನವಿಡೀ ಊರಿನವರನ್ನೆಲ್ಲ ಕುರ್ಚಿಯಲ್ಲಿ ಕೂರಿಸಿ ತಾನು ನಿಂತೇ ಇರುವುದು ಕ್ಷೌರದಂಗಡಿಯವನ ಹಣೆಬರಹ. ಮನೆಗೆ ಬಂದ ಮೇಲಾದರೂ ಬೆನ್ನು ಒರಗಿಸೋಣವೆಂದರೆ ಅದಕ್ಕೂ ಕಲ್ಲು ಬಿತ್ತು. ಇದ್ದದ್ದು ಒಂದೇ ಆರಾಮಕುರ್ಚಿ. (ಕೊಂಡವನು ಅವನೇ, ಆ ಮಾತು ಬೇರೆ.) ಅತ್ತೆ ತೀರಿಕೊಂಡ ಮೇಲೆ ಮಾವ ಮಗಳ ಮನೆಗೆ ಬಂದರು, ಬಂದವರು ಅದರಲ್ಲಿ ಕೂತರು. ದುಃಖದಲ್ಲಿರುವ ಮುದುಕರನ್ನು ಏಳಿ ಎನ್ನುವುದು ಹೇಗೆ? ಕೊನೆಗೆ ಮಾವನೇ ಒಂದು ರಾಜಾಜ್ಞೆ ಹೊರಡಿಸಿದರು: ಭಾನುವಾರ ಚದುರಂಗದಲ್ಲಿ ಗೆದ್ದವರಿಗೆ ವಾರವಿಡೀ ಕುರ್ಚಿ.

ಅಂದಿನಿಂದ ಅಳಿಯ ಸ್ಟೂಲನ್ನು ಗೋಡೆಗೆ ಆನಿಸಿಕೊಂಡು ಕೂತಿದ್ದಾನೆ.

ಮಾವನದು ಯಾವಾಗಲೂ ಕಪ್ಪು ಕಾಯಿ, ಯಾವಾಗಲೂ ಒಂದೇ ವರಸೆ. ನಡುವಿನ ಕಾಲಾಳುಗಳನ್ನು ಒಂದಕ್ಕೊಂದು ಒತ್ತಾಸೆಯಾಗಿ ನಿಲ್ಲಿಸಿ ಗೋಡೆ ಕಟ್ಟುವರು, ರಾಜನನ್ನು ಮೂಲೆಗೆ ಸೇರಿಸುವರು, ಆಮೇಲೆ ಕಣ್ಣು ಅರೆಮುಚ್ಚಿ ಕಾಯುವರು. ಅಳಿಯ ಆ ಗೋಡೆಗೆ ತಲೆ ಚಚ್ಚಿಕೊಂಡು ಸೋಲುವನು. "ಅವಸರ ಅಳಿಯಂದಿರೇ, ಅವಸರ" ಎಂದು ಮಾವ ನಿಟ್ಟುಸಿರು ಬಿಡುವರು. ಸೋಲಿಗಿಂತ ಆ ನಿಟ್ಟುಸಿರೇ ಹೆಚ್ಚು ಉರಿಯುತ್ತಿತ್ತು.

ಗೋಡೆ ಒಡೆಯುವ ವಿದ್ಯೆ ಕಲಿಸಿದವರು ಅಂಗಡಿಗೆ ಬರುತ್ತಿದ್ದ ಪೋಸ್ಟ್‌ಮಾಸ್ಟರು. ಮುಖಕ್ಕೆ ಸೋಪಿನ ನೊರೆ ಹಚ್ಚಿಸಿಕೊಂಡೇ ಹೇಳಿದರು: "ಒಂಟೆ ಬಲಿ ಕೊಟ್ಟು, ರಾಜನ ಮುಂದಿರೋ ಕಾಲಾಳನ್ನ ಹೊಡೀರಿ. ರಾಜ ಹೊರಗೆ ಬರಲೇಬೇಕು. ಹಿಂದೇನೇ ಕುದುರೆ, ಮಂತ್ರಿ ನುಗ್ಗಿಸಿ."

ಅಳಿಯನಿಗೆ ರೋಮಾಂಚನವಾಯಿತು. ಆ ರೋಮಾಂಚನದಲ್ಲೇ ಪೋಸ್ಟ್‌ಮಾಸ್ಟರರ ಬಲಗಡೆಯ ಮೀಸೆ ಹೋಯಿತು. ಗುರುದಕ್ಷಿಣೆ ಕೊಟ್ಟ ಶಿಷ್ಯರುಂಟು; ಗುರುವಿನ ಮೀಸೆಯನ್ನೇ ಕಿತ್ತುಕೊಂಡ ಶಿಷ್ಯ ಇವನೊಬ್ಬನೇ ಇರಬೇಕು. ಅವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮಾವ ಸಂಜೆ ತಿರುಗಾಡಲು ಹೋದಾಗ ಅಡುಗೆಮನೆಯಲ್ಲಿ ಗುಪ್ತ ಅಭ್ಯಾಸ. ಮಾವನ ಕಡೆಯಿಂದ ಹೆಂಡತಿ ಕಾಯಿ ನಡೆಸುವಳು.

"ಒಂಟೆ ಸುಮ್ನೆ ಹೋಯ್ತಲ್ರೀ."

"ಹೋಗ್ಲಿ ಕಣೇ. ಅದೇ ಉಪಾಯ."

"ನಿಮ್ಮ ಉಪಾಯ ಗೊತ್ತಿಲ್ವಾ? ಮೊನ್ನೆ ಗಿರಾಕೀನೂ ಹೀಗೇ ಬಲಿ ಕೊಟ್ರಿ."

"ನೀನು ಬಾಯಿ ಮುಚ್ಕೊಂಡು ಕಾಯಿ ನಡೆಸು."

"ನಡೆಸ್ತೀನಿ. ನೀವು ಗೆದ್ರೆ ಅಪ್ಪ ಎಲ್ಲಿ ಕೂರ್ಬೇಕು?"

ಅವನು ಕುದುರೆಯನ್ನು ಮುಂದಕ್ಕೆ ನುಗ್ಗಿಸಿದ. ಬೆನ್ನು ನೋಯುತ್ತಲೇ ಇತ್ತು.

ಭಾನುವಾರ ಬಂತು. ಅಳಿಯ ಬಿಳಿ ಕಾಯಿಗಳಿಗೆ ಕೈ ಹಾಕಿದ. ಮಾವ ಹಲಗೆಯನ್ನು ಮೆಲ್ಲಗೆ ತಿರುಗಿಸಿದರು.

"ಇನ್ಮೇಲೆ ನೀವು ಕಪ್ಪು ತಗೊಳ್ಳಿ. ಕಪ್ಪಿನಲ್ಲಿ ಕುದುರೆ ಯಾವುದು, ಒಂಟೆ ಯಾವುದು ನನ್ನ ಕಣ್ಣಿಗೆ ತಿಳೀತಿಲ್ಲ. ನನ್ನ ಕಾಯಿಯಾದ್ರೂ ನನಗೆ ಕಾಣ್ಬೇಕಲ್ಲ."

ಅಳಿಯ ಕಲಿತದ್ದೆಲ್ಲ ಬಿಳಿಯ ಕಡೆಯಿಂದ. ಆದರೆ ಕಣ್ಣು ಮಂಜಾಗುತ್ತಿರುವ ಮುದುಕರ ಜೊತೆ ಬಣ್ಣಕ್ಕೆ ಜಗಳವಾಡಲು ಬಾಯಿ ಬರಲಿಲ್ಲ. ಕಪ್ಪಿನಲ್ಲಿ ಅವನಿಗೆ ಗೊತ್ತಿದ್ದದ್ದು ಮಾವನ ಗೋಡೆಯೊಂದೇ. ಅದನ್ನೇ ಕಟ್ಟಿದ. ರಾಜನನ್ನು ಮೂಲೆಗೆ ಸೇರಿಸಿದ. ಮಾವನ ಹಾಗೆಯೇ ಕಣ್ಣನ್ನೂ ಅರೆಮುಚ್ಚಿದ. ಆರಾಮಕುರ್ಚಿ ಬೆನ್ನಿಗೆ ತಾಗಿದಂತೆಯೇ ಅನ್ನಿಸಿತು.

ಮಾವ ತಡವರಿಸಿ ಒಂಟೆಯನ್ನೆತ್ತಿ, ರಾಜನ ಮುಂದಿನ ಕಾಲಾಳನ್ನು ಹೊಡೆದರು. ರಾಜ ಹೊರಗೆ ಬಂದ. ಹಿಂದೆಯೇ ಕುದುರೆ, ಮಂತ್ರಿ.

ಅಳಿಯ ಅಡುಗೆಮನೆಯ ಬಾಗಿಲಿನತ್ತ ದುರುಗುಟ್ಟಿ ನೋಡಿದ. "ನಾನೇನೂ ಹೇಳಿಲ್ಲ ರೀ" ಎಂದಳು ಹೆಂಡತಿ.

"ಅವಳೇನು ಹೇಳ್ತಾಳೆ" ಎಂದರು ಮಾವ. "ಆ ಗೋಡೆ ಹಿಂದೇನೇ ವಯಸ್ಸು ಕಳೆದವನು ನಾನು. ಇಟ್ಟಿಗೆ ಎಲ್ಲಿ ಸಡಿಲ ಅಂತ ಗೊತ್ತಿಲ್ವಾ? ಅದನ್ನ ಕಂಡುಹಿಡಿದವಳು ನಿಮ್ಮತ್ತೆ ಒಬ್ಬಳೇ. ನಿಮಗೂ ಹೊಳೆಯುತ್ತೇನೋ ಅಂತ ಪ್ರತಿ ಭಾನುವಾರ ಕಾದೆ."

"ನನಗೆ ಗೊತ್ತಿತ್ತು ಮಾವ."

"ಸೋತವರೆಲ್ಲ ಹಾಗೇ ಅನ್ನೋದು, ಅಳಿಯಂದಿರೇ" ಎಂದು ಮಾವ ನಿಟ್ಟುಸಿರು ಬಿಟ್ಟು ಹಿಂದಕ್ಕೊರಗಿದರು.

ಅಳಿಯ ಸ್ಟೂಲನ್ನು ಎಳೆದುಕೊಂಡು ಗೋಡೆಯ ಬಳಿಗೆ ಹೋದ.