ಊಟದ ಟೇಬಲ್ಲಿನ ಮೇಲೆ ಕಾಡತೂಸಿನ ಪ್ರೆಸ್ಸು

ರೋಗಿಗೆ ಕೊಡುವುದೂ ಮದ್ದು, ಬಂದೂಕಿಗೆ ತುಂಬುವುದೂ ಮದ್ದು. ಮೊದಲನೆಯದನ್ನು ಹದಿನೆಂಟು ವರ್ಷ ಮಿಲಿಗ್ರಾಂ ಲೆಕ್ಕದಲ್ಲಿ ತೂಗಿದವನಿಗೆ ಎರಡನೆಯದು ಯಾವ ಮಹಾ ವಿದ್ಯೆ? ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿದ್ದ ನಾನು ಹೀಗೆ ಯೋಚಿಸಿದೆ. ನನ್ನ ಮಾನ ಹೋಗುವುದಕ್ಕೆ ಅಷ್ಟು ಸಾಕಾಯಿತು.

ಎರಡು ಸಾವಿರದ ಐದರ ಆಚೀಚಿನ ಮಾತು. ಅಕ್ಸ್‌ಬ್ರಿಡ್ಜ್ ಕಡೆಯ ಒಂದು ರೈಫಲ್ ಕ್ಲಬ್ಬಿಗೆ ನಾನು ಸದಸ್ಯನಾಗಿದ್ದೆ. ಪೊಲೀಸರು ಮನೆಗೆ ಬಂದು, ಮೆಟ್ಟಿಲ ಕೆಳಗೆ ಬಂದೂಕಿಡುವ ಉಕ್ಕಿನ ಕಪಾಟನ್ನು ಎಳೆದು ನೋಡಿ, ಲೈಸೆನ್ಸ್ ಕೊಟ್ಟಿದ್ದರು. ಕ್ಲಬ್ಬಿನಲ್ಲಿ ದೊಡ್ಡವರೆನಿಸಿಕೊಂಡವರು ಯಾರೂ ಅಂಗಡಿಯ ಗುಂಡು ಹಾರಿಸುತ್ತಿರಲಿಲ್ಲ. ಹಾರಿಸಿದ ಕಾಡತೂಸಿನ ಹಿತ್ತಾಳೆಯ ಚಿಪ್ಪನ್ನು ಆರಿಸಿಕೊಂಡು ಹೋಗಿ, ಮನೆಯಲ್ಲಿ ಪ್ರೆಸ್ ಎಂಬ ಒತ್ತುವ ಯಂತ್ರಕ್ಕೆ ಕೊಟ್ಟು ಆಕಾರಕ್ಕೆ ತಂದು, ತಾವೇ ಮತ್ತೆ ತುಂಬಿಕೊಂಡು ಬರುತ್ತಿದ್ದರು. ಆಕಾರಕ್ಕೆ ತರುವ ಉಕ್ಕಿನ ಅಚ್ಚಿಗೆ ಡೈ ಎಂದು ಹೆಸರು. ಒಂದೊಂದು ಅಳತೆಯ ಬಂದೂಕಿಗೂ ಅದರದೇ ಡೈ.

ನಿವೃತ್ತ ಬಸ್ ಡ್ರೈವರ್ ಕೆನ್ ಕ್ಲಬ್ಬಿನಲ್ಲಿ ನನ್ನ ಪಕ್ಕ ಮಲಗಿ ಗುರಿ ಹಿಡಿಯುತ್ತಿದ್ದ. "ಆರಂಭಕ್ಕೆ ಸಣ್ಣ ಪ್ರೆಸ್ ತಗೋ. ಒಂದು ಸಲಕ್ಕೆ ಒಂದೇ ಕೆಲಸ ಮಾಡುವಂಥದ್ದು. ಅದಕ್ಕೂ ಮೊದಲು ನನ್ನ ಗ್ಯಾರೇಜಿಗೆ ಬಾ, ನಾಲ್ಕು ವಾರ ನೋಡಿ ಕಲಿ" ಎಂದ.

ಬಸ್ ಡ್ರೈವರನಿಂದ ಫಾರ್ಮಸಿಸ್ಟ್ ಕಲಿಯುವುದೇ! ನಾನು ನಯವಾಗಿ ನಕ್ಕು, ಕ್ಯಾಟಲಾಗಿನಲ್ಲಿದ್ದ ಅತಿ ದೊಡ್ಡ ಪ್ರೆಸ್ಸಿಗೆ ಫೋನಿನಲ್ಲೇ ಆರ್ಡರ್ ಕೊಟ್ಟೆ. ಹಿಡಿಯನ್ನು ಒಮ್ಮೆ ಎಳೆದರೆ ಐದು ಕೆಲಸ ಒಟ್ಟಿಗೆ ಆಗುತ್ತವಂತೆ. ಒಂದು ಕೆಲಸವೂ ಬಾರದವನಿಗೆ ಐದು ಒಟ್ಟಿಗೆ!

ಬಂದ ಪೆಟ್ಟಿಗೆಯನ್ನು ಇಬ್ಬರು ಹೊತ್ತು ಒಳಗಿಟ್ಟರು. ಪ್ರೆಸ್ಸನ್ನು ಗಟ್ಟಿಯಾದ ಹಲಗೆಗೆ ಬೋಲ್ಟ್ ಹಾಕಿ ಕೂರಿಸಬೇಕು ಎಂದು ಪುಸ್ತಕದಲ್ಲಿ ಬರೆದಿತ್ತು. ಕಿಂಗ್ಸ್‌ಬರಿಯ ನಮ್ಮ ಮನೆಯಲ್ಲಿ ಗಟ್ಟಿಯಾದದ್ದು ಎಂದರೆ ಒಂದೇ. ನನ್ನ ಮಾವನವರು ಧಾರವಾಡದಲ್ಲಿ ಮಾಡಿಸಿ ಹಡಗಿನಲ್ಲಿ ಕಳಿಸಿದ ಸಾಗವಾನಿಯ ಊಟದ ಟೇಬಲ್ಲು.

ತರಕಾರಿ ಚೀಲ ಹಿಡಿದು ಬಂದ ನನ್ನ ಹೆಂಡತಿ ಸುಮಂಗಲಾ ಬಾಗಿಲಲ್ಲೇ ನಿಂತಳು.

"ಏನ್ರೀ ಇದು? ನಮ್ಮಪ್ಪನ ಟೇಬಲ್ಲಿಗೆ ತೂತು ಕೊರದೀರಿ?"

"ನಾಕ ತೂತು ಅಷ್ಟ. ಮ್ಯಾಲೆ ಮ್ಯಾಟ್ ಹಾಸಿದ್ರ ಕಾಣೂದಿಲ್ಲ."

"ಈ ಕಬ್ಬಿಣದ ದೆವ್ವಾ ಕಾಣೂದಿಲ್ಲೇನು? ಉಣ್ಣೂದೆಲ್ಲಿ, ಇದರ ತೊಡಿ ಮ್ಯಾಲೆ?"

ಅಂದಿನಿಂದ ನಾವು ಸೋಫಾದ ಮೇಲೆ ತಟ್ಟೆ ಹಿಡಿದು ಉಂಡೆವು.

ಮುಂದಿನ ಭಾನುವಾರ ಚಿಪ್ಪೊಂದನ್ನು ಇಟ್ಟು ಹಿಡಿಯನ್ನು ಎಳೆದೆ. ಅರ್ಧಕ್ಕೆ ನಿಂತಿತು. ಎರಡು ಕೈಯಲ್ಲಿ ಎಳೆದೆ. ಕಾಲು ಎತ್ತಿ ಅದಕ್ಕೇ ಜೋತುಬಿದ್ದೆ. ಟೇಬಲ್ಲಿನ ಆಚೆ ತುದಿ ಮೇಲೆದ್ದು, ಅದರ ಮೇಲಿದ್ದ ಉಪ್ಪಿನಕಾಯಿ ಜಾಡಿ ಕಾರ್ಪೆಟ್ಟಿಗೆ ಹೋಯಿತು. ಚಿಪ್ಪು ಮಾತ್ರ ಡೈಯೊಳಗೆ ಗಟ್ಟಿಯಾಗಿ ಕಚ್ಚಿಕೊಂಡು ಕುಳಿತಿತು. ಎಣ್ಣೆ ಸವರಿದೆ, ತುಪ್ಪ ಸವರಿದೆ. ಸುತ್ತಿಗೆಯಿಂದ ತಟ್ಟಿದೆ. ಕೆನ್‌ಗೆ ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ಮಾಡಲಿಲ್ಲ. ಮಾನದ ಪ್ರಶ್ನೆ!

ಆ ಸ್ಥಿತಿಯಲ್ಲೇ ನಮ್ಮ ಮನೆಗೆ ಮೈಸೂರಿನ ಡಾಕ್ಟರ್ ಶ್ರೀಕಂಠ ಮತ್ತು ಅವರ ಹೆಂಡತಿ ಪದ್ಮಾ ಚಹಾಕ್ಕೆ ಬಂದರು. ಹತ್ತು ವರ್ಷದ ಗೆಳೆತನ. ಗಣಪತಿ ಹಬ್ಬ ಅವರ ಮನೆಯಲ್ಲಿ, ದಸರೆಯ ಊಟ ನಮ್ಮ ಮನೆಯಲ್ಲಿ, ಹಾಗಿದ್ದೆವು. ಪದ್ಮಾ ಅವರ ಕಣ್ಣು ನೇರವಾಗಿ ಟೇಬಲ್ಲಿಗೆ ಹೋಯಿತು.

"ಅಯ್ಯೋ, ಶಾವಿಗೆ ಒರಳಾ ಇದು? ಎಷ್ಟು ಚೆನ್ನಾಗಿದೆ ಸುಮಂಗಲಾ! ನಮಗೂ ಒಂದು ತರಿಸಿಕೊಡಿ."

ಸುಮಂಗಲಾ ಹೌದೆಂದು ತಲೆಯಾಡಿಸಿಬಿಡುತ್ತಿದ್ದಳೋ ಏನೋ. ನಾನು ಬಿಡಬೇಕಲ್ಲ!

"ಶಾವಿಗೆ ಅಲ್ಲರಿ, ಗುಂಡು! ಬಂದೂಕಿನ ಗುಂಡು. ಇನ್ನ ಮ್ಯಾಲೆ ಎಲ್ಲಾ ಮನಿಯೊಳಗ ತಯಾರು."

ಶ್ರೀಕಂಠ ಅವರ ಚಮಚ ಕಪ್ಪಿನಲ್ಲಿ ನಿಂತಿತು. ಅದು ಮೆಚ್ಚುಗೆ ಎಂದು ನಾನು ತಿಳಿದೆ. ಮೆಟ್ಟಿಲ ಕೆಳಗಿನ ಕಪಾಟು, ಅದರ ಎರಡು ಬೀಗ, ತಾಸಿಗೆ ಎಷ್ಟು ತುಂಬಬಹುದು, ಎಲ್ಲವನ್ನೂ ಉತ್ಸಾಹದಿಂದ ವರ್ಣಿಸಿದೆ. ಅವರು ಚಹಾ ಮುಗಿಸದೆ ಎದ್ದರು. "ಏನೋ ಕೆಲಸ ನೆನಪಾಯ್ತು" ಎಂದರು.

ಲಂಡನ್ನಿನ ಟ್ಯೂಬ್ ರೈಲುಗಳಲ್ಲಿ ಬಾಂಬು ಸಿಡಿದ ವರ್ಷ ಅದು. ನನ್ನಂಥ ಬಣ್ಣದವನು ಬೆನ್ನಿಗೆ ಚೀಲ ಹಾಕಿಕೊಂಡು ಟ್ಯೂಬ್ ಹತ್ತಿದರೆ ಪಕ್ಕದ ಸೀಟು ತಾನಾಗಿ ಖಾಲಿಯಾಗುತ್ತಿತ್ತು. ಅದು ಬಿಳಿಯರ ಕಾಯಿಲೆ ಎಂದು ನಾವು ನಾಲ್ವರೇ ಸೇರಿ ಎಷ್ಟೋ ಸಲ ಬೈದುಕೊಂಡಿದ್ದೆವು.

ಶನಿವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಇಬ್ಬರು ಪೊಲೀಸರು. ರಸ್ತೆಯ ಆ ಬದಿಯ ಪರದೆಗಳೆಲ್ಲ ಒಂದೊಂದು ಇಂಚು ಸರಿದವು. ನಾನು ಪೈಜಾಮದಲ್ಲಿದ್ದೆ. ಕೈ ಎತ್ತಬೇಕೋ, ಕುರ್ಚಿ ಕೊಡಬೇಕೋ ತಿಳಿಯದೆ ಒಂದು ಕೈ ಎತ್ತಿ ಇನ್ನೊಂದರಲ್ಲಿ ಕುರ್ಚಿ ತೋರಿಸಿದೆ.

ಹಿರಿಯ ಅಧಿಕಾರಿ ಕಾಗದ ನೋಡಿ ಓದಿದ. "ದೂರು ಬಂದಿದೆ, ಸರ್. ಈ ಮನೆಯಲ್ಲಿ ಗುಂಡು ತಯಾರಾಗುತ್ತಿದೆ. ಯಂತ್ರವನ್ನು... ಕ್ಷಮಿಸಿ, ಇದೇನೋ ಪದ... ಶಾ-ವಿ-ಗೇ ಒತ್ತುವ ಯಂತ್ರದ ಹಾಗೆ ಬಚ್ಚಿಟ್ಟಿದ್ದಾರೆ."

ಸುಮಂಗಲಾ ನನ್ನ ಮುಖ ನೋಡಿದಳು. ಕಿಂಗ್ಸ್‌ಬರಿಯ ಯಾವ ಇಂಗ್ಲಿಷರವನಿಗೆ ಶಾವಿಗೆ ಗೊತ್ತು? ಅವಳು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು.

ಲೈಸೆನ್ಸ್ ಸರಿಯಿತ್ತು, ಕಪಾಟು ಸರಿಯಿತ್ತು. ಅಧಿಕಾರಿ ಕನ್ನಡಕ ಏರಿಸಿ ಪ್ರೆಸ್ಸಿನತ್ತ ಬಗ್ಗಿದ. ಡೈಯ ಮೇಲೆ ಕೊರೆದ ಅಂಕಿಯನ್ನು ಓದಿ, ಮತ್ತೆ ನನ್ನ ಲೈಸೆನ್ಸ್ ಓದಿದ.

"ನಿಮ್ಮ ರೈಫಲ್ ತ್ರೀ ನಾಟ್ ಎಯ್ಟ್, ಸರ್. ಇದು ತ್ರೀ ನಾಟ್ ತ್ರೀ ಡೈ."

ಧಾರವಾಡದಲ್ಲಿ ನಮ್ಮ ಮನೆ ಪೊಲೀಸ್ ಲೈನಿನ ಹಿಂದೆಯೇ ಇತ್ತು. ಬಂದೂಕು ಎಂದರೆ ತ್ರೀ ನಾಟ್ ತ್ರೀ ಎಂದೇ ನನ್ನ ನಾಲಿಗೆ ಬೆಳೆದದ್ದು. ಫೋನಿನಲ್ಲಿ ಅದೇ ಹೊರಟಿತ್ತು!

"ಇದರಲ್ಲಿ ನೀವು ಒಂದೇ ಒಂದು ಗುಂಡನ್ನೂ ತಯಾರಿಸಲಾರಿರಿ" ಎಂದ ಅಧಿಕಾರಿ, ಬಹಳ ಮರ್ಯಾದೆಯಿಂದ. "ಸಾರ್ವಜನಿಕರಿಗೆ ನಿಮ್ಮಿಂದ ಯಾವ ಅಪಾಯವೂ ಇಲ್ಲ ಎಂದು ಬರೆದುಕೊಳ್ಳುತ್ತೇನೆ." ಕಿರಿಯವನು ಗೋಡೆಯ ಕಡೆ ತಿರುಗಿ ಕೆಮ್ಮಿದ. ನನ್ನ ಜೀವನದಲ್ಲಿ ಸಿಕ್ಕ ಏಕೈಕ ಸರ್ಕಾರಿ ಪ್ರಶಸ್ತಿ ಅದು.

ಕೊನೆಗೂ ನಾನು ಫೋನ್ ಮಾಡಿದ ಮೇಲೆ, ಸಂಜೆ ಕೆನ್ ಬಂದು ಬೋಲ್ಟ್ ಬಿಚ್ಚಿದ. ಕಥೆ ಕೇಳಿ ಮೊದಲು ನಕ್ಕ, ಆಮೇಲೆ ನಗಲಿಲ್ಲ. "ಮೂವತ್ತು ವರ್ಷದಿಂದ ನಾನು ಗ್ಯಾರೇಜಿನ ಬಾಗಿಲು ತೆರೆದಿಟ್ಟೇ ತುಂಬುತ್ತಿದ್ದೇನೆ. ಯಾರೂ ಬಾಗಿಲು ತಟ್ಟಿಲ್ಲ" ಎಂದ.

ಯುಗಾದಿಗೆ ಕ್ವೀನ್ಸ್‌ಬರಿಯ ಶಾಲೆಯೊಂದರ ಸಭಾಂಗಣದಲ್ಲಿ ಕನ್ನಡದವರೆಲ್ಲ ಸೇರಿದೆವು. ಊಟದ ಸಾಲಿನಲ್ಲಿ ನನ್ನ ಹಿಂದೆಯೇ ಶ್ರೀಕಂಠ. ನಾಲ್ಕು ಮಾತು ಕಟುವಾಗಿ ಆಡಬೇಕೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡೇ ಬಂದಿದ್ದೆ. ಅವರೇ ಹೆಗಲ ಮೇಲೆ ಕೈಯಿಟ್ಟರು.

"ತಪ್ಪು ತಿಳ್ಕೋಬೇಡಿ. ಕಾಲ ಹಾಗಿದೆ. ನಾಳೆ ಏನಾದರೂ ಆದರೆ ನಮ್ಮ ಹೆಸರೂ ಬರತ್ತೆ ಅಲ್ವಾ? ನಿಮ್ಮ ಒಳ್ಳೇದಕ್ಕೇ ಹೇಳಿದ್ದು."

ಹಿಂದೆ ಜನ ನಿಂತಿದ್ದರು. ಮುಂದೆ ಒಬ್ಬಾಕೆ ಕೋಸಂಬರಿಯ ಸೌಟು ಎತ್ತಿ ನನ್ನ ತಟ್ಟೆಗಾಗಿ ಕಾಯುತ್ತಿದ್ದಳು. ನಾನು ತಟ್ಟೆ ಮುಂದೆ ಹಿಡಿದೆ.

"ಥ್ಯಾಂಕ್ಸ್ ಡಾಕ್ಟ್ರೇ" ಎಂದೆ. ಸಾಲದೆಂಬಂತೆ, "ಸಾರಿ" ಎಂದೂ ಸೇರಿಸಿದೆ!